ಗುಂಡಿಗೆಗಳನ್ನು ಇಲ್ಲಿಯೇ ಬಿಡಿ

ಆ ಊರಿನಲ್ಲಿ ಚರ್ಚಿಗೆ ಬರುವವರು ಬಾಗಿಲ ಹೊರಗೆ ಎರಡು ವಸ್ತುಗಳನ್ನು ಬಿಟ್ಟು ಒಳಗೆ ಹೋಗಬೇಕಿತ್ತು. ಒಂದು ಚಪ್ಪಲಿ, ಇನ್ನೊಂದು ಗುಂಡಿಗೆ. ಚಪ್ಪಲಿಗೆ ಕೆಳಗಿನ ಸಾಲು, ಗುಂಡಿಗೆಗೆ ಮೇಲಿನ ಗೂಡುಗಳು. ಗೋಡೆಗೆ ಬಡಿದ ಹಲಗೆಯ ಮೇಲೆ ‘ಗುಂಡಿಗೆಗಳನ್ನು ಇಲ್ಲಿಯೇ ಬಿಡಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಅದಲು ಬದಲಾದರೆ ಸಭೆಯವರು ಜವಾಬ್ದಾರರಲ್ಲ’ ಎಂದೂ ಇತ್ತು.

ಬಿಡುವುದೇನೂ ಕಷ್ಟವಿರಲಿಲ್ಲ. ಬಾಗಿಲ ಮುಂದೆ ನಿಂತು, ಎದೆಯ ಎಡಕ್ಕೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ‘ಲೋಕದ ರೀತಿ, ಊರಿನ ರೀತಿ, ನಮ್ಮ ರೀತಿ’ ಎಂದರೆ ಸಾಕು, ಪಕ್ಕೆಯಲ್ಲಿ ಒಂದು ಪುಟ್ಟ ಕದ ಬೆಂಕಿಪೊಟ್ಟಣದ ಹಾಗೆ ಜರುಗಿ ತೆರೆಯುತ್ತಿತ್ತು. ಕೈ ಹಾಕಿ ಗುಂಡಿಗೆ ತೆಗೆದು ಗೂಡಿನಜ್ಜಿಯ ಕೈಗೆ ಕೊಡುವುದು, ಅವಳು ಕೊಟ್ಟ ಹಿತ್ತಾಳೆ ಬಿಲ್ಲೆಯನ್ನು ಜೇಬಿಗೋ ಸೆರಗಿನ ತುದಿಗೋ ಸೇರಿಸುವುದು, ಒಳಗೆ ಹೋಗಿ ಕೂರುವುದು. ಆರಾಧನೆ ಮುಗಿದ ಮೇಲೆ ಬಿಲ್ಲೆ ಕೊಟ್ಟು ಗುಂಡಿಗೆ ಪಡೆದು, ಒಳಗೆ ತಳ್ಳಿಕೊಂಡು, ಚಪ್ಪಲಿ ಮೆಟ್ಟಿ ಮನೆಗೆ. ಎಷ್ಟೋ ಜನ ಚಪ್ಪಲಿ ಹುಡುಕುವಷ್ಟು ಹೊತ್ತನ್ನೂ ಗುಂಡಿಗೆಗೆ ಕೊಡುತ್ತಿರಲಿಲ್ಲ.

ಈ ರೀತಿ ಯಾಕೆ ಬಂತು ಎಂದು ಕೇಳಿದರೆ ಊರಿನವರು ಒಂದು ಕಥೆ ಹೇಳುತ್ತಿದ್ದರು. ಬಹಳ ಹಿಂದೆ ಎಲ್ಲರೂ ಗುಂಡಿಗೆ ಸಮೇತ ಒಳಗೆ ಹೋಗುತ್ತಿದ್ದರಂತೆ. ಆಗ ಒಬ್ಬ ಸಾಹುಕಾರ ಪಾದ್ರಿಯ ಪ್ರಸಂಗ ಕೇಳಿ ಬಿಕ್ಕಿ ಬಿಕ್ಕಿ ಅತ್ತು, ಮನೆಗೆ ಹೋಗಿ ಕಣಜದ ಬಾಗಿಲು ತೆಗೆದು, ಹಸಿದವರೆಲ್ಲ ಬನ್ನಿ ಎಂದನಂತೆ. ಮುಖ ನೋಡದಿದ್ದ ಅಣ್ಣತಮ್ಮಂದಿರು ಪ್ರಾರ್ಥನೆಯ ಮಧ್ಯದಲ್ಲೇ ಎದ್ದು ಹೋಗಿ, ನಡುವಿನ ಬೇಲಿ ಕಿತ್ತು, ಆ ಮುಳ್ಳಿನಲ್ಲೇ ಒಲೆ ಹಚ್ಚಿ ಒಟ್ಟಿಗೆ ಉಂಡರಂತೆ. ಅಕ್ಕಪಕ್ಕದ ಊರುಗಳವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇವರಿಗೇನು ತಲೆ ಕೆಟ್ಟಿದೆಯೇ? ಎಲ್ಲರ ಹಾಗೆ ಬಾಳುವುದಕ್ಕೆ ಬರುವುದಿಲ್ಲವೇ?’ ಎಂದರು. ಅಂದಿನ ಹಿರಿಯರಿಗೆ ನಾಚಿಕೆಯಾಯಿತು. ದೇವರನ್ನು ಬಿಡುವ ಹಾಗಿಲ್ಲ, ನಾಲ್ಕು ಜನರ ಎದುರು ನಗೆಪಾಟಲಾಗುವ ಹಾಗೂ ಇಲ್ಲ. ಚಪ್ಪಲಿಯನ್ನು ಹೇಗೂ ಹೊರಗೆ ಬಿಡುತ್ತಿದ್ದರು. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಗೂಡು ಮಾಡಿಸಿದರು, ಅಷ್ಟೇ.

ಇದರಿಂದ ಊರಿಗೆ ಒಳ್ಳೆಯದೇ ಆಯಿತು ಎನ್ನಿ. ಖಾಲಿ ಎದೆಯಲ್ಲಿ ದನಿ ಬಹಳ ಚೆನ್ನಾಗಿ ಮೊಳಗುತ್ತದೆ, ಖಾಲಿ ಕೊಡದೊಳಗೆ ಹಾಡಿದ ಹಾಗೆ. ಅವರ ಕೀರ್ತನೆ ಕೇಳಲು ದೂರದ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಪ್ರಸಂಗದ ಹೊತ್ತಿನಲ್ಲಿ ಯಾರೂ ಅಳುತ್ತಿರಲಿಲ್ಲ, ಯಾರೂ ಚಡಪಡಿಸುತ್ತಿರಲಿಲ್ಲ. ಪಾದ್ರಿ ಅಯ್ಯನವರು ಹೇಳಿದ ಮಾತು ಕಿವಿಯಿಂದ ಇಳಿದು, ಎದೆಯ ಖಾಲಿ ಜಾಗದಲ್ಲಿ ಎರಡು ಸುತ್ತು ಹಾಕಿ, ಕೂರಲು ಏನೂ ಸಿಗದೆ, ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು. ಹನ್ನೆರಡು ಗಂಟೆಗೆ ಸರಿಯಾಗಿ ಎಲ್ಲರೂ ಮನೆ ಸೇರುತ್ತಿದ್ದರು.

ಗೂಡಿನಜ್ಜಿ ಮಾತ್ರ ಒಳಗೆ ಹೋದವಳಲ್ಲ. ಅತ್ತೆ ತೀರಿಕೊಂಡ ಮೇಲೆ ಆ ಮೂರು ಕಾಲಿನ ಸ್ಟೂಲು ಅವಳದಾಯಿತು. ನಲವತ್ತು ವರ್ಷ ಅದರ ಮೇಲೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಊರಿನ ಗುಂಡಿಗೆಗಳನ್ನು ಕಾದಳು. ಕಾಯುವವಳು ಎದ್ದು ಹೋಗುವಂತಿಲ್ಲ, ಕಾಗೆಗಳ ಕಾಟ. ಅವಳ ಗುಂಡಿಗೆಯನ್ನು ಕಾಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದು ಅವಳ ಎದೆಯಲ್ಲೇ ಇತ್ತು. ಗುಂಡಿಗೆ ಇದ್ದವರು ಒಳಗೆ ಹೋಗುವಂತಿಲ್ಲ. ಹೀಗೆ ಎರಡು ಕಡೆಯಿಂದಲೂ ಬಾಗಿಲು ಮುಚ್ಚಿತ್ತು. ಒಳಗಿನ ಆರಾಧನೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ದಪ್ಪ ಬಾಗಿಲನ್ನು ದಾಟಿ ಬರುವ ‘ಆಮೆನ್’ ಒಂದೇ. ಯಾವ ಮಾತಿಗೆ ಎಂದು ತಿಳಿಯದೆ ಅವಳೂ ಆಮೆನ್ ಅನ್ನುತ್ತಿದ್ದಳು.

ಕಾದು ಕಾದು ಗುಂಡಿಗೆಗಳ ಗುಣ ಅವಳಿಗೆ ತಿಳಿದುಹೋಗಿತ್ತು. ಯಜಮಾನರು ಒಳಗೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರೆ ಇವು ಹೊರಗೆ ಕೋಳಿಗೂಡಿನ ಹಾಗೆ ಗುಜುಗುಜು ಅನ್ನುತ್ತಿದ್ದವು. ಒಂದು ಪಕ್ಕದ ಗೂಡಿನದನ್ನು ನೋಡಿ ಮೂಗು ಮುರಿಯುತ್ತಿತ್ತು, ಇನ್ನೊಂದು ಮನೆಯ ಜಗಳವನ್ನು ಮೊದಲಿನಿಂದ ಹೇಳುತ್ತಿತ್ತು. ಸಭೆಯ ದೊಡ್ಡ ಹಿರಿಯರದು ಯಾರಿಗೋ ಬುದ್ಧಿ ಹೇಳಲು ಹೊರಟಂತೆ ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ‘ಸುಮ್ಮನಿರ್ರೋ, ಒಳಗೆ ಪ್ರಾರ್ಥನೆ ನಡೀತಿದೆ’ ಎಂದು ಅಜ್ಜಿ ಗದರುತ್ತಿದ್ದಳು.

ಸದ್ದು ಮಾಡದ್ದು ಒಂದನೇ ನಂಬರಿನ ಗೂಡು. ಅದು ಅಯ್ಯನವರದು. ಇಪ್ಪತ್ತು ವರ್ಷದ ಹಿಂದೆ, ಆ ಊರಿನ ಸಭೆಗೆ ಹೊಸದಾಗಿ ಬಂದ ದಿನ, ಅವರು ಎಲ್ಲರ ಹಾಗೆ ಗುಂಡಿಗೆ ಇಟ್ಟು ಒಳಗೆ ಹೋಗಿದ್ದರು. ಆರಾಧನೆ ಮುಗಿದ ಮೇಲೆ ಹಿಂಬಾಗಿಲಿನಿಂದ ನೇರ ಅವರ ಬಂಗಲೆಗೆ ದಾರಿ ಇರುವುದು ಗೊತ್ತಾಯಿತು. ಅವತ್ತಿನಿಂದ ಅವರು ಮುಂಬಾಗಿಲಿಗೆ ಬರಲಿಲ್ಲ. ಗುಂಡಿಗೆ ಅಲ್ಲೇ ಉಳಿದು ಒಣ ನೆಲ್ಲಿಕಾಯಿಯಷ್ಟಾಗಿತ್ತು. ಅಯ್ಯನವರ ಪ್ರಸಂಗವೇನೋ ವರ್ಷದಿಂದ ವರ್ಷಕ್ಕೆ ಹೆಚ್ಚೇ ಸೊಗಸಾಗುತ್ತಿತ್ತು. ಅಜ್ಜಿ ಪ್ರತಿ ಶನಿವಾರ ಅದನ್ನು ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಕಿವಿಗೆ ಹಿಡಿದು ನೋಡುತ್ತಿದ್ದಳು. ದೂರದಲ್ಲಿ ಯಾರೋ ಬಾಗಿಲು ತಟ್ಟುತ್ತಿರುವಷ್ಟು ಸಣ್ಣ ಸದ್ದು. ‘ಬರ್ತಾರೆ ಬಿಡಪ್ಪಾ, ಇವತ್ತಲ್ಲ ನಾಳೆ ಬರ್ತಾರೆ’ ಎಂದು ಸಮಾಧಾನ ಹೇಳಿ ಮತ್ತೆ ಇಡುತ್ತಿದ್ದಳು.

ಒಂದು ಭಾನುವಾರ ಅಜ್ಜಿಯ ಕೈ ತಪ್ಪಿತು. ಆರಾಧನೆ ಬಿಡುವ ಹೊತ್ತಿಗೆ ಸರಿಯಾಗಿ ಮಗಳು ಹೆಣ್ಣು ಹೆತ್ತ ಸುದ್ದಿ ಬಂತು. ಸಂತೋಷಕ್ಕೆ ಅಜ್ಜಿಯ ಕಣ್ಣು ಮಂಜಾಯಿತು. ಆ ಗಡಿಬಿಡಿಯಲ್ಲಿ ಸೊಪ್ಪು ಮಾರುವವಳ ಗುಂಡಿಗೆಯನ್ನು ಜವಳಿ ಸಾಹುಕಾರನಿಗೂ, ಸಾಹುಕಾರನದನ್ನು ಸೊಪ್ಪಿನವಳಿಗೂ ಕೊಟ್ಟುಬಿಟ್ಟಳು. ಇಬ್ಬರೂ ನೋಡದೆ ತಳ್ಳಿಕೊಂಡು ಹೋದರು.

ಆ ವಾರ ಊರಿನಲ್ಲಿ ನಡೆದದ್ದು ತಮಾಷೆ. ಗಜಕ್ಕೆ ಎರಡು ಬೆರಳು ಕಡಿಮೆ ಅಳೆಯುವುದರಲ್ಲಿ ಹೆಸರುವಾಸಿಯಾಗಿದ್ದ ಸಾಹುಕಾರ, ಬಟ್ಟೆಯನ್ನು ಅಳೆದು ಕತ್ತರಿ ಇಡುವ ಮುಂಚೆ ‘ಇನ್ನೊಂದು ಗೇಣು ಇರಲಿ ತಾಯಿ, ಮಗು ಬೆಳೆಯುತ್ತೆ’ ಅಂದ. ಆಮೇಲೆ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿಬಿದ್ದ. ಅಂಗಡಿಯ ಮುಂದೆ ಚಳಿಗೆ ನಡುಗುತ್ತಿದ್ದವನಿಗೆ ಕಂಬಳಿ ಹೊದಿಸಿದ. ಹೆಂಡತಿಯ ಅಡುಗೆ ಚೆನ್ನಾಗಿದೆ ಎಂದ. ಆಕೆ ಹೆದರಿ ವೈದ್ಯರನ್ನು ಕರೆಸಿದಳು. ಅತ್ತ ಸೊಪ್ಪಿನವಳು ಒಂದು ಎಸಳು ಕೊತ್ತಂಬರಿಯನ್ನೂ ಕೊಸರು ಹಾಕದೆ, ಕೇಳಿದವರ ಮೇಲೆ ಹರಿಹಾಯ್ದಳು.

ಮುಂದಿನ ಭಾನುವಾರ ಅಜ್ಜಿ ತಪ್ಪೊಪ್ಪಿಕೊಂಡು ಇಬ್ಬರಿಗೂ ಅವರವರದನ್ನು ಕೊಟ್ಟಳು. ಸಾಹುಕಾರ ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ‘ಅಜ್ಜಿ, ಯಾರ್ಗೂ ಹೇಳ್ಬೇಡಿ. ಇನ್ನೊಂದು ವಾರ ಅವಳದನ್ನೇ ಇಟ್ಕೊಳ್ಳಲಾ?’

ಅಜ್ಜಿಗೆ ಆಶ್ಚರ್ಯವಾಯಿತು. ಎಲ್ಲ ಗುಂಡಿಗೆಗಳೂ ಒಂದೇ ಸಾಲಿನಲ್ಲಿ ಇರುವಂಥವು. ಸೊಪ್ಪಿನವಳದಕ್ಕೆ ಮಾತ್ರ ಈ ಗುಣ ಎಲ್ಲಿಂದ ಬಂತು? ಅವಳನ್ನೇ ಕರೆದು ಕೇಳಿದಳು.

‘ನಂಗೇನ್ ಗೊತ್ತಜ್ಜಿ? ಬುಟ್ಟಿ ಹೊತ್ಕೊಂಡು ಬರೋಷ್ಟ್ರಲ್ಲಿ ಪ್ರತಿ ವಾರ ತಡ ಆಗುತ್ತೆ. ಬುಟ್ಟೀನ ಒಳಗೆ ಬಿಡಲ್ಲ. ನೀನು ಬೇರೆ ಆಗ ಒಂದು ಗಳಿಗೆ ಕಣ್ಮುಚ್ಚಿರ್ತೀಯ. ಅದ್ಕೇ ಗುಂಡಿಗೆ ತೆಗೆಯೋ ಗೋಜಿಗೇ ಹೋಗಲ್ಲ. ಪಕ್ಕದ ಕಿಟಕಿ ಹತ್ರ ಕೂತು ಕೇಳ್ಕೊಂಡು, ಕೊನೇಲಿ ಒಳಗೆ ಹೋಗೋ ಹೊತ್ಗೆ ತೆಗ್ದು ನಿನ್ ಕೈಗ್ ಕೊಡ್ತೀನಿ.’

‘ಅಂದ್ರೆ ಗುಂಡಿಗೆ ಇಟ್ಕೊಂಡೇ ಪ್ರಸಂಗ ಕೇಳ್ತೀಯಾ?’

‘ಹೂಂ. ಒಂದೊಂದ್ಸಲ ನೋವಾಗುತ್ತೆ. ಆದ್ರೆ ಮಾತು ಅಲ್ಲೇ ಉಳ್ಕೊಳ್ಳುತ್ತೆ, ಏನ್ ಮಾಡೋದು?’

ಅಜ್ಜಿ ಅವತ್ತು ಮನೆಗೆ ಹೋಗಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತಳು. ಮಗುವಿನ ಎದೆಯ ಮೇಲೆ ಕೈಯಿಟ್ಟರೆ ಕದವಿಲ್ಲ, ಸಂದಿಲ್ಲ, ಒಂದೇ ಸಮನಾದ ಎಳೆಯ ಮೈ. ಅದರೊಳಗೆ ಪುಟ್ಟ ಗುಂಡಿಗೆ ಓಡುತ್ತಿತ್ತು. ಮೊದಲ ಸಲ ತಟ್ಟಿದಾಗಲೇ ಎದೆಯಲ್ಲಿ ಕದ ಮೂಡುವುದು. ಒಮ್ಮೆ ಮೂಡಿದರೆ ಆಯುಷ್ಯವಿಡೀ ತೆರೆದು ಮುಚ್ಚಬಹುದು. ಆ ಮೊದಲ ಸಲ ತಟ್ಟುವುದು ದೊಡ್ಡ ಹಿರಿಯರು, ಮಗುವಿನ ದೀಕ್ಷಾಸ್ನಾನದ ದಿನ, ಚರ್ಚಿನ ಬಾಗಿಲಲ್ಲಿ. ಆಮೇಲೆ ಉಡಿದಾರಕ್ಕೆ ಬಿಲ್ಲೆ ಕಟ್ಟುತ್ತಾರೆ. ಕರ್ತನ ಕೈಗೆ ಮಗುವನ್ನು ಒಪ್ಪಿಸುವ ದಿನವೇ ಅದರ ಗುಂಡಿಗೆಯನ್ನು ತೆಗೆದು ಹೊರಗಿಡುತ್ತಾರೆ. ನಲವತ್ತು ವರ್ಷ ಎಷ್ಟೋ ಎಳೆಗುಂಡಿಗೆಗಳನ್ನು ಕೈಯಾರೆ ಗೂಡಿಗಿಟ್ಟ ಅಜ್ಜಿಗೆ ಇದು ಮೊದಲ ಸಲ ಹೊಳೆಯಿತು.

‘ಈ ಮಗೂದು ಕೊಡೋದು ಬೇಡ ಕಣೇ’ ಎಂದಳು ಮಗಳಿಗೆ.

‘ಅಮ್ಮಾ, ನಿಂಗೇನಾಗಿದೆ? ಎಲ್ಲಾರೂ ಕೊಟ್ಟಿದ್ದಾರೆ. ನಂದೂ ಕೊಟ್ಟಿದ್ದೆ, ನೀನೇ ಇಟ್ಕೊಂಡಿದ್ದೆ. ಈಗ ಏನಾಗ್ಹೋಯ್ತು ನಂಗೆ?’

‘ಏನಾಗಿದೆ ಅಂತ ನಿಂಗೆ ಗೊತ್ತಾಗ್ದೇ ಇರೋದೇ ಆಗಿರೋದು.’

‘ಕೊಡಲ್ಲ ಅಂದ್ರೆ ದೀಕ್ಷಾಸ್ನಾನ ಕೊಡಲ್ಲ. ನಿನ್ ಕೆಲ್ಸಾನೂ ಹೋಗುತ್ತೆ. ನಾಳೆ ನಿಂಗೆ ಹೆಚ್ಚುಕಮ್ಮಿ ಆದ್ರೆ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡೋಕೂ ಜಾಗ ಕೊಡಲ್ಲ. ಅದನ್ನಾದ್ರೂ ಯೋಚ್ನೆ ಮಾಡು.’

ಅಜ್ಜಿ ಯೋಚನೆ ಮಾಡಿದಳು. ಚರ್ಚಿನ ಹಿತ್ತಲಿನಲ್ಲಿ, ನುಗ್ಗೆಮರದ ಕೆಳಗೆ, ಗಂಡನ ಸಮಾಧಿಯ ಎಡಕ್ಕೆ ಅವಳ ಪಾಲಿನ ಆರಡಿ ಜಾಗ ಖಾಲಿ ಇತ್ತು. ಮಗುವನ್ನು ಕೊಡಬಾರದು, ಜಾಗವನ್ನೂ ಕಳೆದುಕೊಳ್ಳಬಾರದು. ಹೀಗೆ ಎರಡನ್ನೂ ಉಳಿಸಿಕೊಳ್ಳಲು ನೋಡುವವರ ತಲೆಯಲ್ಲಿ ಏನು ಹುಟ್ಟುತ್ತದೋ ಅದೇ ಅಜ್ಜಿಯ ತಲೆಯಲ್ಲೂ ಹುಟ್ಟಿತು. ಒಂದು ಕಿತಾಪತಿ.

ದೀಕ್ಷಾಸ್ನಾನದ ಭಾನುವಾರ ಸೊಪ್ಪಿನವಳ ಬುಟ್ಟಿಯಿಂದ ಒಂದು ಗುಂಡು ಬದನೆಕಾಯಿ ಆರಿಸಿದಳು. ನೇರಳೆ ಬಣ್ಣದ, ನುಣುಪಾದ, ಎಳೆಯ ಕಾಯಿ. ಅದನ್ನು ಒದ್ದೆ ಬಿಳಿಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಜನ ಸಾಲಾಗಿ ಬಂದು ತಟ್ಟಿದರು, ತೆಗೆದರು, ಕೊಟ್ಟರು, ಒಳಗೆ ಹೋದರು. ಮಗಳೂ ತನ್ನದನ್ನು ಕೊಟ್ಟು, ಮಗುವನ್ನು ಎತ್ತಿಕೊಂಡು ನಿಂತಳು. ದೊಡ್ಡ ಹಿರಿಯರು ಶಲ್ಯ ಸರಿಮಾಡಿಕೊಂಡು ಬಂದರು. ತಮ್ಮದನ್ನು ಅವರು ಮೊದಲೇ ಗೂಡಿಗೆ ಸೇರಿಸಿ ಆಗಿತ್ತು. ಇಂಥ ಕೆಲಸಗಳನ್ನು ಅವರು ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದರು. ಅಜ್ಜಿ ನಂಬಿದ್ದದ್ದು ಅದನ್ನೇ.

‘ಲೋಕದ ರೀತಿ’ ಎಂದು ಹಿರಿಯರು ತಟ್ಟುವ ಹೊತ್ತಿಗೆ ಅಜ್ಜಿಯ ಎಡಗೈ ಮಗುವಿನ ಎದೆಯ ಮೇಲೆ ಕೂತಿತ್ತು. ಮೂರು ಏಟೂ ಅವಳ ಕೈಯ ಮೇಲೆಯೇ ಬಿದ್ದವು. ಹಿರಿಯರ ಗೆಣ್ಣು ಗಟ್ಟಿ, ಅಜ್ಜಿಗೆ ಕಣ್ಣಲ್ಲಿ ನೀರು ಬಂತು. ‘ನಮ್ಮ ರೀತಿ’ ಮುಗಿಯುತ್ತಿದ್ದಂತೆ ಬಿಳಿಬಟ್ಟೆಯನ್ನು ಎತ್ತಿ ಹಿಡಿದಳು.

ಹಿರಿಯರು ಕಣ್ಣು ತೆರೆದು, ಬಟ್ಟೆ ಸರಿಸಿ, ಬೆರಳಿನಿಂದ ಮುಟ್ಟಿದರು. ‘ಏನು ನುಣುಪು! ಎಷ್ಟು ಶಾಂತವಾಗಿದೆ ನೋಡಿ, ಒಂದು ಮಿಸುಕಾಟ ಇಲ್ಲ. ಇಂಥ ಗುಂಡಿಗೆ ನೋಡಿ ಎಷ್ಟು ಕಾಲ ಆಗಿತ್ತು. ಅಲ್ಲಮ್ಮಾ, ಇದೇನು ಹಸಿರಾಗಿ ಮುಳ್ಳುಮುಳ್ಳು?’

‘ಎಳೇದಕ್ಕೆ ತೊಟ್ಟು ಇರುತ್ತೆ ಹಿರಿಯರೇ. ಬಲಿತ ಮೇಲೆ ತಾನಾಗಿ ಉದುರುತ್ತೆ.’

‘ಹೌದ್ಹೌದು’ ಎಂದರು ಹಿರಿಯರು. ಗೊತ್ತಿಲ್ಲ ಎನ್ನುವುದು ಅವರ ಅಭ್ಯಾಸದಲ್ಲಿರಲಿಲ್ಲ. ಮಗುವಿನ ಉಡಿದಾರಕ್ಕೆ ಬಿಲ್ಲೆ ಕಟ್ಟಿ ಒಳಗೆ ನಡೆದರು. ಮಗಳಿಗೆ ಬದನೆಕಾಯಿಯ ತೊಟ್ಟು ಸ್ಪಷ್ಟವಾಗಿ ಕಂಡಿತ್ತು. ಆದರೆ ಗಾಬರಿಪಡಲು ಬೇಕಾದದ್ದು ಆಗಲೇ ಗೂಡಿನಲ್ಲಿತ್ತು, ಹಾಗಾಗಿ ಅವಳು ಸುಮ್ಮನೆ ಹಿರಿಯರ ಹಿಂದೆ ಹೋದಳು. ಬಾಗಿಲು ಮುಚ್ಚಿತು. ಅಜ್ಜಿ ಮತ್ತು ಸೊಪ್ಪಿನವಳು ಒಬ್ಬರ ಮುಖ ಒಬ್ಬರು ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಹಿರಿಯರ ಗುಂಡಿಗೆ ಪಕ್ಕದ ಗೂಡಿನ ಬದನೆಕಾಯಿಗೆ ಬುದ್ಧಿ ಹೇಳಲು ಶುರುಮಾಡಿತ್ತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಒಳಗೆ ಕೀರ್ತನೆ ಮುಗಿದು, ಅಯ್ಯನವರು ದೀಕ್ಷಾಸ್ನಾನದ ಮಾತುಗಳನ್ನು ಓದಲು ತೊಡಗಿದ ಮೇಲೆ ಒಂದು ಸದ್ದು ಕೇಳಿತು. ಧಡ್. ಧಡ್. ಧಡ್. ಗೇಣುದ್ದದ ಮಗುವಿನ ಬೆರಳಷ್ಟು ಗುಂಡಿಗೆಯ ಸದ್ದು ಗೋಡೆಗಳಿಗೆ ಬಡಿದು ಬಾಗಿಲನ್ನು ದಾಟಿ ಬರುತ್ತಿತ್ತು. ಆ ಚರ್ಚಿನಲ್ಲಿ ನೂರು ವರ್ಷದಿಂದ ಗುಂಡಿಗೆ ಹೊಡೆದುಕೊಂಡದ್ದೇ ಇಲ್ಲ, ಆ ಸದ್ದು ಅಡಗಲು ಅಲ್ಲಿ ಇನ್ನೊಂದು ಸದ್ದಿರಲಿಲ್ಲ.

‘ಯಾರದು?’ ಪಕ್ಕದ ಕಿಟಕಿಯಿಂದ ಹಿರಿಯರ ದನಿ. ‘ಯಾರು ಒಳಗೆ ತಂದಿರೋದು? ಎಲ್ಲಾರೂ ಎದೆ ಮುಟ್ಕೊಂಡು ನೋಡ್ಕೊಳ್ಳಿ.’ ಬೆಂಚುಗಳು ಸರಿದ ಸದ್ದು. ಆಮೇಲೆ ‘ಮಗೂನ ಇತ್ತ ಕೊಡಮ್ಮಾ. ಇನ್ನೊಂದ್ಸಲ ತಟ್ಟಿ ನೋಡ್ತೀನಿ.’

ಸೊಪ್ಪಿನವಳು ಅಜ್ಜಿಯ ತೋಳು ಹಿಡಿದಳು. ‘ಸುಮ್ನಿರಜ್ಜಿ. ಕೇಳಿದ್ರೆ ಗೊತ್ತಿಲ್ಲ ಅಂದ್ಬಿಡು. ನಿಂಗ್ಯಾಕೆ?’

ಅಜ್ಜಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನುಗ್ಗೆಮರದ ನೆರಳು ನೆನಪಾಯಿತು. ಎದುರಿನ ಗೂಡಿನಲ್ಲಿ ಬದನೆಕಾಯಿ ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿ ಅವಳಿಗೆ ಎಂದೂ ಆಗದಷ್ಟು ನಾಚಿಕೆಯಾಯಿತು. ‘ಯೇಸುಸ್ವಾಮೀ’ ಎಂದಳು, ‘ನಿನಗೆ ಕೊಡ್ಬೇಕಾಗಿದ್ದನ್ನ ತರಕಾರಿ ಹಿಂದೆ ಬಚ್ಚಿಟ್ನಲ್ಲಪ್ಪಾ. ಅವರು ಗೂಡಲ್ಲಿ ಬಚ್ಚಿಟ್ರು, ನಾನು ಸೆರಗಲ್ಲಿ ಬಚ್ಚಿಟ್ಟೆ. ಏನ್ ದೊಡ್ಡ ವ್ಯತ್ಯಾಸ?’ ಇಷ್ಟು ವರ್ಷ ಈ ಜನರನ್ನೆಲ್ಲ ಖಾಲಿ ಮಾಡಿ ಒಳಗೆ ಕಳಿಸಿದ್ದು ತನ್ನ ಇದೇ ಎರಡು ಕೈ ಅನ್ನುವುದೂ ಆಗಲೇ ಅವಳಿಗೆ ತಿಳಿಯಿತು. ತಿಳಿದು ಅಳು ಬಂತು.

ಎದ್ದಳು. ಒಂದನೇ ನಂಬರಿನ ಗೂಡಿನಿಂದ ಅಯ್ಯನವರ ಗುಂಡಿಗೆಯನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ನಲವತ್ತು ವರ್ಷ ಬೆನ್ನಿಗಿದ್ದ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ಒಳಗೆ ಕಾಲಿಟ್ಟಳು.

ಈಗ ಎರಡು ಗುಂಡಿಗೆಗಳ ಸದ್ದು. ಒಂದು ಚಿಕ್ಕದು, ಚುರುಕು. ಇನ್ನೊಂದು ಮುದಿಯದು, ಆಗಾಗ ಒಂದು ಹೆಜ್ಜೆ ತಪ್ಪುವಂಥದು. ಸಭೆಯೆಲ್ಲ ತಿರುಗಿ ನೋಡಿತು. ಹಿರಿಯರು ಮಗುವಿನ ಎದೆಯ ಮೇಲೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು.

‘ಹೊರಗೆ ಕಾಯೋರು ಯಾರು?’ ಎಂದರು ಮೊದಲು.

‘ಯಾರೂ ಇಲ್ಲ ಹಿರಿಯರೇ. ಮಗೂನ ತಟ್ಬೇಡಿ. ಗೂಡಲ್ಲಿರೋದು ಬದನೇಕಾಯಿ. ಮಗೂದು ಮಗೂ ಹತ್ರಾನೇ ಇದೆ. ನಂದೂ ನನ್ಹತ್ರಾನೇ ಇದೆ. ಸುಳ್ಳು ಹೇಳಿದ್ದು ತಪ್ಪು, ಅದಕ್ಕೆ ಕ್ಷಮೆ ಕೇಳ್ತೀನಿ. ಗುಂಡಿಗೆ ತಂದಿದ್ದಕ್ಕೆ ಮಾತ್ರ ಕೇಳಲ್ಲ. ಆಮೇಲೆ ನನ್ನ ಎಲ್ಲಿ ಬೇಕಾದ್ರೂ ಮಣ್ಣು ಮಾಡ್ಕೊಳ್ಳಿ.’

ಹಿರಿಯರು ಸಿಟ್ಟಾಗಲು ನೋಡಿದರು. ಹುಬ್ಬು ಗಂಟಿಕ್ಕಿದರು, ಮೂಗಿನ ಹೊಳ್ಳೆ ಅರಳಿಸಿದರು, ಕೈಯ ಕೋಲನ್ನು ನೆಲಕ್ಕೆ ಕುಟ್ಟಿದರು. ಸಿಟ್ಟು ಬರಲಿಲ್ಲ. ಬರುವುದಾದರೂ ಎಲ್ಲಿಂದ? ಅದು ಇರುವ ಜಾಗವೇ ಹೊರಗೆ ಗೂಡಿನಲ್ಲಿತ್ತು.

‘ಇದು ಬಹಳ ಸಿಟ್ಟು ಬರೋವಂಥ ವಿಷಯ’ ಎಂದರು, ಇವತ್ತು ಭಾನುವಾರ ಎನ್ನುವ ದನಿಯಲ್ಲಿ.

‘ಹೌದು, ಬಹಳ ಸಿಟ್ಟು ಬರೋವಂಥದ್ದು’ ಎಂದಿತು ಸಭೆ, ಅದೇ ದನಿಯಲ್ಲಿ.

‘ಹೀಗೆ ಬಿಡೋ ಹಾಗಿಲ್ಲ. ಎಲ್ಲಾರೂ ಹೋಗಿ ಅವರವರದನ್ನ ಹಾಕ್ಕೊಂಡು ಬನ್ನಿ. ಸರಿಯಾಗಿ ಸಿಟ್ಟು ಮಾಡ್ಕೊಳ್ಳೋಣ.’

ಮಗಳು ಮಗುವನ್ನು ಅಜ್ಜಿಯ ಕೈಗೆ ಕೊಟ್ಟಳು. ಸಭೆ ಸಾಲುಗಟ್ಟಿ ಹೊರಗೆ ಹೋಯಿತು. ಸೊಪ್ಪಿನವಳು ಬಿಲ್ಲೆ ನೋಡಿ ನೋಡಿ ಗುಂಡಿಗೆ ಕೊಟ್ಟಳು. ತಳ್ಳಿಕೊಂಡವರೇ ಉರಿಯುತ್ತಾ ಒಳಗೆ ನುಗ್ಗಿದರು. ಎಂಥ ಸಿಟ್ಟು ಅಂತೀರಿ! ‘ಎಷ್ಟು ಧೈರ್ಯ ಇವಳಿಗೆ!’ ‘ಸಭೆ ಮಾನ ಹರಾಜು ಹಾಕಿದ್ಳು!’ ಮಗಳು ಎಲ್ಲರಿಗಿಂತ ಜೋರಾಗಿ, ‘ಅಮ್ಮಾ, ಬದನೇಕಾಯಿನಾ!’ ಎಂದು ಕೂಗಿದಳು. ಹಿರಿಯರು ಕೊನೆಗೆ ಬಂದು, ಕೆಂಪಗಾಗಿ, ‘ಇವತ್ತಿಗೆ ನಿನ್ನ ಕೆಲ್ಸ ಮುಗೀತು. ಆ ಸ್ಟೂಲಿನ ಮೇಲೆ ಇನ್ನೊಂದ್ಸಲ ಕೂತ್ರೆ ನೋಡು!’ ಎಂದು ಗುಡುಗಿದರು. ಅಜ್ಜಿ ಮಗುವನ್ನು ಅವುಚಿಕೊಂಡಳು, ಹೆಜ್ಜೆ ಹಿಂದೆ ಇಡಲಿಲ್ಲ.

ಆ ಗದ್ದಲದಲ್ಲಿ ತಣ್ಣಗಿದ್ದವರು ಅಯ್ಯನವರೊಬ್ಬರೇ. ಅವರದು ಗೂಡಿನಲ್ಲಿ ಇದೆ ಎನ್ನುವುದೂ ಅವರಿಗೆ ಮರೆತುಹೋಗಿತ್ತು. ಗಲಾಟೆ ಒಂದು ಉಸಿರು ನಿಂತಾಗ, ಬಿಟ್ಟ ಜಾಗದಿಂದಲೇ ಓದು ಮುಂದುವರಿಸಿದರು. ‘ಹೆಸರು ಹಿಡಿದು ಕರೆದವನು ನಿನ್ನನ್ನು ಕೈಬಿಡುವವನಲ್ಲ. ನೀನು ಓಡಿಹೋದರೂ ಅವನು ಬಾಗಿಲು ಮುಚ್ಚುವವನಲ್ಲ.’

ಈ ಮಾತನ್ನು ಅವರೆಲ್ಲ ನೂರು ಸಲ ಕೇಳಿದ್ದರು. ನೂರಾ ಒಂದನೇ ಸಲ ಅದು ಕಿವಿಯಿಂದ ಇಳಿಯಿತು. ಈ ಸಲ ಎದೆ ಖಾಲಿ ಇರಲಿಲ್ಲ, ಮಾತು ಹೋಗಿ ಕೂತುಬಿಟ್ಟಿತು.

ಮೊದಲು ಕುಸಿದು ಕೂತವನು ಜವಳಿ ಸಾಹುಕಾರ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ‘ಎರಡು ಬೆರಳು’ ಎಂದ, ‘ಇಷ್ಟು ವರ್ಷ ಗಜಕ್ಕೆ ಎರಡೆರಡು ಬೆರಳು.’ ಆಚೆ ಮೂಲೆಯಲ್ಲಿ ಯಾರೋ ಯಾರನ್ನೋ ‘ಅಣ್ಣಾ’ ಎಂದು ಕರೆದರು. ಮಗಳು ಬಾಯಿ ಮುಚ್ಚಿ ಬಂದು ಅಮ್ಮನ ಭುಜಕ್ಕೆ ಹಣೆ ಇಟ್ಟಳು. ಎದೆಯಲ್ಲಿ ಅಷ್ಟೊಂದು ನೋವಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟೊಂದು ಸಂತೋಷವಾಗುತ್ತದೆ ಎಂದೂ ಗೊತ್ತಿರಲಿಲ್ಲ. ಅಜ್ಜಿಗೆ ಯಾವ ಮಾತಿಗೆ ಆಮೆನ್ ಅನ್ನಬೇಕು ಎಂದು ಮೊದಲ ಸಲ ತಿಳಿಯಿತು. ಗಟ್ಟಿಯಾಗಿ ಅಂದಳು.

ಆಮೇಲೆ ಮಗುವನ್ನು ಮಗಳ ಕೈಗೆ ಕೊಟ್ಟು, ಸೆರಗಿನ ಗಂಟು ಬಿಚ್ಚಿ ಅಯ್ಯನವರ ಮುಂದೆ ಹಿಡಿದುಕೊಂಡು ನಿಂತಳು. ‘ಅಯ್ಯೋರೇ, ಇದು ತಮ್ದು. ಬರ್ತೀರಿ ಬರ್ತೀರಿ ಅಂತ ಒರೆಸಿ ಒರೆಸಿ ಇಟ್ಟಿದ್ದೆ.’

ಅಯ್ಯನವರಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ತುಕ್ಕು ಹಿಡಿದ ಕದ ಕಿರ್ರೆಂದಿತು. ಗುಂಡಿಗೆ ಒಳಗೆ ಹೋದ ಮೇಲೆ ಅವರು ಪುಸ್ತಕವನ್ನು ನೋಡಿದರು, ಒಂದಕ್ಷರವನ್ನೂ ಓದಲಾಗಲಿಲ್ಲ. ಊರಿಗೆಲ್ಲ ಹೆಸರಾದ ನಾಲಿಗೆ ತಡವರಿಸಿತು. ‘ಮಗೂ’ ಎಂದರು. ಮತ್ತೆ ‘ಮಗೂ’ ಎಂದರು. ಕೊನೆಗೆ ಅಳುತ್ತಲೇ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ, ಮೂರು ಹನಿ ಹಾಕಬೇಕಾದ ಕಡೆ ಇಡೀ ತಂಬಿಗೆಯನ್ನೇ ಸುರಿದುಬಿಟ್ಟರು. ಮಗು ಒಮ್ಮೆ ಉಸಿರು ಎಳೆದುಕೊಂಡು, ಸೀನಿ, ಕಿಲಕಿಲ ನಕ್ಕಿತು. ಇಪ್ಪತ್ತು ವರ್ಷದಲ್ಲಿ ಅಯ್ಯನವರು ಮಾಡಿದ ಅತ್ಯಂತ ಕೆಟ್ಟ ಪ್ರಸಂಗ ಅದು ಎಂದು ಎಲ್ಲರೂ ಒಪ್ಪಿದರು. ಅದನ್ನು ಮರೆತವರು ಮಾತ್ರ ಇಲ್ಲ.

ಅಂದು ಯಾರೂ ಹನ್ನೆರಡು ಗಂಟೆಗೆ ಮನೆ ಸೇರಲಿಲ್ಲ. ಆ ವಾರ ಅಕ್ಕಪಕ್ಕದ ಊರುಗಳಿಗೆ ಮತ್ತೆ ನಗು ಸಿಕ್ಕಿತು. ಸಾಹುಕಾರ ಹಳೆಯ ಗಿರಾಕಿಗಳ ಮನೆ ಮನೆಗೆ ಹೋಗಿ ತುಂಡುಬಟ್ಟೆ ಹಂಚಿದ್ದನ್ನು ಕೇಳಿ ಅವರು ಕಣ್ಣೀರು ಬರುವಷ್ಟು ನಕ್ಕರು. ತುಂಬಿದ ಎದೆಯಿಂದ ಕೀರ್ತನೆ ಮೊಳಗುವುದಿಲ್ಲ, ನಡುವೆ ನಡುವೆ ಗಂಟಲು ಕಟ್ಟುತ್ತದೆ. ಅದನ್ನು ಕೇಳಲು ಗಾಡಿ ಕಟ್ಟಿಕೊಂಡು ಬರುವವರು ನಿಂತೇಹೋದರು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಗುಂಡಿಗೆ ಇಟ್ಟುಕೊಂಡು ದೇವರ ಮುಂದೆ ಕೂರುವುದು ಸುಲಭದ ಮಾತಲ್ಲ. ಮುಂದಿನ ಭಾನುವಾರ ಬೆಳಗ್ಗೆ ಬಾಗಿಲ ಮುಂದೆ ಎಷ್ಟೋ ಜನ ಎದೆ ತಟ್ಟಿಕೊಂಡು, ‘ಈ ವಾರ ಒಂದ್ಸಲ ಇಟ್ಕೋ ಅಜ್ಜಿ, ಮನೇಲಿ ಮದುವೆ ಇದೆ’, ‘ಇವತ್ತೊಂದಿನ ಅಜ್ಜಿ, ಸಂಜೆ ಪಂಚಾಯ್ತಿ ಇದೆ’ ಎನ್ನುತ್ತಾ ಬಂದರು. ಸ್ಟೂಲು ಖಾಲಿ ಇತ್ತು. ಹಿರಿಯರೇ ಅಜ್ಜಿಯನ್ನು ತೆಗೆದುಹಾಕಿದ್ದರು, ಇನ್ನೊಬ್ಬರನ್ನು ಹುಡುಕಿರಲಿಲ್ಲ. ಎದುರಿನ ಗೋಡೆಯ ಮೇಲೆ ನಾಲ್ಕೈದು ಕಾಗೆಗಳು ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದವು. ಜನ ಗೂಡು ನೋಡಿದರು, ಕಾಗೆ ನೋಡಿದರು. ಗೊಣಗುತ್ತಾ ಚಪ್ಪಲಿ ಮಾತ್ರ ಬಿಟ್ಟು ಒಳಗೆ ಹೋದರು.

ಅಜ್ಜಿ ಒಳಗೆ ಕೊನೆಯ ಬೆಂಚಿನಲ್ಲಿ, ತೆರೆದ ಬಾಗಿಲಿನ ಪಕ್ಕದಲ್ಲೇ ಮೊಮ್ಮಗಳ ಜೊತೆ ಕೂತಿದ್ದಳು. ಗಂಟೆ ಹೊಡೆದ ಮೇಲೆ ದೊಡ್ಡ ಹಿರಿಯರು ಬಂದರು. ಅಭ್ಯಾಸದಂತೆ ಕಣ್ಣು ಮುಚ್ಚಿ, ಮೂರು ಸಲ ತಟ್ಟಿ, ಗುಂಡಿಗೆ ತೆಗೆದು ಕೈ ಮುಂದೆ ಚಾಚಿದರು. ಯಾರೂ ತೆಗೆದುಕೊಳ್ಳಲಿಲ್ಲ. ಕಣ್ಣು ತೆರೆದರು.

‘ಯಾರಾದ್ರೂ ಇದನ್ನ ಒಂಚೂರು ಹಿಡ್ಕೊಳ್ತೀರಾ?’

ನಲವತ್ತು ವರ್ಷದ ರೂಢಿ, ಅಜ್ಜಿಯ ಕೈ ತಾನಾಗಿಯೇ ಮೇಲೆದ್ದಿತು. ಹೋಗಿ ತೆಗೆದುಕೊಂಡರೆ ಸ್ಟೂಲು ಮತ್ತೆ ಅವಳದೇ, ನುಗ್ಗೆಮರದ ಕೆಳಗಿನ ಆರಡಿಯೂ ಅವಳದೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಹಾಡುತ್ತಿದ್ದ ಕೀರ್ತನೆಯನ್ನು ಶ್ರುತಿ ತಪ್ಪಿ ಇನ್ನೂ ಜೋರಾಗಿ ಹಾಡಿದಳು.

ಒಂದು ಕಾಗೆ ಗೋಡೆಯಿಂದ ಇಳಿದು, ಕುಪ್ಪಳಿಸಿಕೊಂಡು ಹಿರಿಯರ ಹತ್ತಿರ ಬಂತು. ಹಿರಿಯರು ಗೂಡನ್ನು ನೋಡಿದರು, ಕಾಗೆಯನ್ನು ನೋಡಿದರು, ಅಂಗೈಯಲ್ಲಿ ಮಿಡಿಯುತ್ತಿದ್ದ ತಮ್ಮ ಗುಂಡಿಗೆಯನ್ನು ಬಹಳ ವರ್ಷಗಳ ಮೇಲೆ ಮೊದಲ ಸಲ ಸರಿಯಾಗಿ ನೋಡಿದರು. ‘ಹುಶ್’ ಎಂದರು. ಅದನ್ನು ಎದೆಯೊಳಗೆ ತಳ್ಳಿಕೊಂಡು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಒಳಗೆ ಬಂದರು.

ಕೊನೆಯ ಬೆಂಚಿನಲ್ಲಿ ಮಾತ್ರ ಜಾಗ ಇತ್ತು.

‘ಸ್ವಲ್ಪ ಆ ಕಡೆ ಸರಿಯಮ್ಮ’ ಎಂದರು ಹಿರಿಯರು. ಅಜ್ಜಿ ಮಗುವನ್ನು ಎತ್ತಿಕೊಂಡು ಸರಿದು ಕೂತಳು.